ಸೆಕ್ಯೂರಿಟಿ ಕ್ಲಿಯರೆನ್ಸ್ ಇದೆ, ಜಾಬ್ ಬೋರ್ಡ್‌ಗಳನ್ನು ಹೇಗೆ ಬಳಸಬೇಕು? (ವಾಷಿಂಗ್ಟನ್ ಸುತ್ತಮುತ್ತಲಿನ ಕನ್ನಡಿಗರಿಗೆ)

ಚಾಂಟಿಲಿ_ಲಿನಕ್ಸ್

ಎಲ್ಲರಿಗೂ ನಮಸ್ಕಾರ. ಉತ್ತರ ವರ್ಜೀನಿಯಾದಲ್ಲಿದ್ದೇನೆ, ಅಮೆರಿಕದ ಸಿಟಿಜನ್. ಒಂದು ಡಿಫೆನ್ಸ್ ಕಾಂಟ್ರಾಕ್ಟ್‌ನಲ್ಲಿ ಲಿನಕ್ಸ್ ಅಡ್ಮಿನ್ ಆಗಿದ್ದೇನೆ. ಸೀಕ್ರೆಟ್ ಮಟ್ಟದ ಕ್ಲಿಯರೆನ್ಸ್, ಅಂದರೆ ಸರ್ಕಾರದ ರಹಸ್ಯ ಮಾಹಿತಿ ನೋಡುವ ಅನುಮತಿ ಇದೆ. ಕಾಂಟ್ರಾಕ್ಟ್ ಸದ್ಯದಲ್ಲೇ ಮುಗಿಯುತ್ತದೆ. ಅದನ್ನು ಹೊಸದಾಗಿ ಗೆದ್ದ ಕಂಪನಿ ಎಷ್ಟು ಜನರನ್ನು ಉಳಿಸಿಕೊಳ್ಳುತ್ತದೆ ಅಂತ ಯಾರಿಗೂ ಗೊತ್ತಿಲ್ಲ.

ಮಾಮೂಲಿ ಜಾಬ್ ಸೈಟ್‌ಗಳಲ್ಲಿ ರೆಸ್ಯೂಮೆ ಹಾಕಿದ್ದೇನೆ. ಕರೆಗಳೇನೋ ಬರುತ್ತವೆ, ಆದರೆ ಕ್ಲಿಯರೆನ್ಸ್ ಬೇಕಾಗುವ ಕೆಲಸ ಒಂದೂ ಇಲ್ಲ. ಇನ್ನು ಕೆಲವರು ಮೊದಲ ಫೋನ್‌ನಲ್ಲೇ ಸೋಶಿಯಲ್ ಸೆಕ್ಯೂರಿಟಿ ನಂಬರ್ ಕೇಳುತ್ತಾರೆ. ಕೊಡಬೇಕಾ? ರೆಸ್ಯೂಮೆಯಲ್ಲಿ ಏನು ಬರೆಯಬಹುದು, ಏನು ಬರೆಯಬಾರದು? ಎರಡು ಮಕ್ಕಳು, ಮನೆ ಸಾಲ ಇದೆ. ಸಂಬಳ ನಿಲ್ಲುವ ಮೊದಲೇ ಬೇರೆ ಕೆಲಸ ಸಿಗಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ಹೆರ್ನ್ಡನ್_ರಿಕ್ರೂಟರ್

ನಾನು ಈ ಕಡೆಯಿಂದ ಆಳು ಹುಡುಕುವವಳು, ಹಾಗಾಗಿ ನನಗೆ ಕಾಣುವುದನ್ನೇ ಹೇಳುತ್ತೇನೆ. ಮಾಮೂಲಿ ಸೈಟ್‌ಗಳಲ್ಲಿ ಕ್ಲಿಯರೆನ್ಸ್ ಇರುವವರನ್ನು ನಾವು ಹುಡುಕುವುದು ಕಡಿಮೆ. ಯಾರು ಬೇಕಾದರೂ "ನನಗೆ ಟಾಪ್ ಸೀಕ್ರೆಟ್ ಇದೆ" ಅಂತ ಬರೆದುಕೊಳ್ಳಬಹುದು, ಅಲ್ವಾ? ಅದಕ್ಕೇ ಪ್ರತ್ಯೇಕ ಬೋರ್ಡ್‌ಗಳಿವೆ. ಎಲ್ಲಕ್ಕಿಂತ ದೊಡ್ಡದು ಕ್ಲಿಯರೆನ್ಸ್‌ಜಾಬ್ಸ್. 2002ರಿಂದ ಇದೆ. ಡೈಸ್ ಸೈಟ್ ನಡೆಸುವ ಡಿಎಚ್‌ಐ ಗ್ರೂಪ್‌ನದ್ದೇ ಅದು. ಕ್ಲಿಯರ್ಡ್‌ಜಾಬ್ಸ್‌ ಡಾಟ್ ನೆಟ್ ಇನ್ನೊಂದು. ಅವರು ಜಾಬ್ ಫೇರ್‌ಗಳನ್ನೂ ನಡೆಸುತ್ತಾರೆ. ನೇರವಾಗಿ ಸರ್ಕಾರಿ ನೌಕರಿ ಬೇಕಿದ್ದರೆ ಯುಎಸ್ಎಜಾಬ್ಸ್, ಗುಪ್ತಚರ ಸಂಸ್ಥೆಗಳಿಗೆ ಇಂಟೆಲಿಜೆನ್ಸ್‌ಕರಿಯರ್ಸ್ ಡಾಟ್ ಗವ್.

ನಾನು ಹುಡುಕುವ ರೀತಿ ಹೇಳಿದರೆ ನಿಮಗೆ ಅರ್ಥವಾಗುತ್ತದೆ. ಬೆಳಿಗ್ಗೆ ಒಂದು ಖಾಲಿ ಹುದ್ದೆ ಬರುತ್ತದೆ ಅಂದುಕೊಳ್ಳಿ: ಫೋರ್ಟ್ ಮೀಡ್ ಹತ್ತಿರ, ಟಿಎಸ್/ಎಸ್‌ಸಿಐ (ಟಾಪ್ ಸೀಕ್ರೆಟ್ ಜೊತೆಗೆ ಗುಪ್ತಚರ ಮಾಹಿತಿಯ ವಿಶೇಷ ಅನುಮತಿ), ರೆಡ್ ಹ್ಯಾಟ್ ಮತ್ತು ಆನ್ಸಿಬಲ್ ಸಾಫ್ಟ್‌ವೇರ್, ಸೆಕ್ಯೂರಿಟಿ ಪ್ಲಸ್ ಸರ್ಟಿಫಿಕೇಟ್. ಮೊದಲು ಕ್ಲಿಯರೆನ್ಸ್ ಮಟ್ಟದ ಫಿಲ್ಟರ್ ಹಾಕುತ್ತೇನೆ. ಆಮೇಲೆ ಪಾಲಿಗ್ರಾಫ್, ಅಂದರೆ ಸುಳ್ಳು ಪತ್ತೆ ಪರೀಕ್ಷೆ ಆಗಿದೆಯಾ ಅಂತ. ಆಮೇಲೆ ಪಿನ್‌ಕೋಡ್‌ನಿಂದ ಎಷ್ಟು ಮೈಲಿ. ಕೊನೆಗೆ ಕೀವರ್ಡ್. ಬಂದ ಪಟ್ಟಿಯಲ್ಲಿ ಇತ್ತೀಚೆಗೆ ಲಾಗಿನ್ ಆದವರನ್ನು ಮೊದಲು ನೋಡುತ್ತೇನೆ. ಆರು ತಿಂಗಳಿಂದ ಆ ಕಡೆ ತಲೆ ಹಾಕದವರಿಗೆ ಕೆಲಸ ಸಿಕ್ಕಿರುತ್ತದೆ ಅಂತ ಬಿಟ್ಟುಬಿಡುತ್ತೇನೆ. ಈಗ ಯೋಚಿಸಿ. ಕ್ಲಿಯರೆನ್ಸ್ ಕಾಲಂ ಖಾಲಿ ಬಿಟ್ಟವರು ಮೊದಲ ಹೆಜ್ಜೆಯಲ್ಲೇ ಹೊರಗೆ. "ಲಿನಕ್ಸ್" ಅಂತ ಮಾತ್ರ ಬರೆದು "ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್" ಅಂತ ಬರೆಯದವರು ಕೊನೆಯ ಹೆಜ್ಜೆಯಲ್ಲಿ ಹೊರಗೆ. ಕೆಲಸ ಗೊತ್ತಿದ್ದೂ ಪಟ್ಟಿಗೇ ಬರದೆ ಉಳಿಯುವವರು ಬಹಳ ಜನ. ಅದು ನನಗೆ ನಿಜವಾಗಿ ಬೇಸರದ ಸಂಗತಿ.

ಆದ್ದರಿಂದ ವಾರಕ್ಕೊಮ್ಮೆಯಾದರೂ ಲಾಗಿನ್ ಆಗಿ. ಪ್ರೊಫೈಲ್‌ನಲ್ಲಿ ಒಂದು ಸಾಲು ತಿದ್ದಿದರೂ ಸಾಕು. ಟೂಲ್‌ಗಳ ಹೆಸರನ್ನು ಪೂರ್ತಿ ಬರೆಯಿರಿ, ಚಿಕ್ಕ ರೂಪವನ್ನೂ ಪಕ್ಕದಲ್ಲೇ ಬರೆಯಿರಿ. ರಕ್ಷಣಾ ಇಲಾಖೆಯ ಐಟಿ ಕೆಲಸಕ್ಕೆ ಸರ್ಟಿಫಿಕೇಟ್ ನಿಯಮ ಇದೆ. ಮೊದಲು 8570 ಅಂತಿತ್ತು, ಈಗ 8140. ಜಾಹೀರಾತುಗಳಲ್ಲಿ ಇನ್ನೂ ಎರಡೂ ಸಂಖ್ಯೆ ಓಡಾಡುತ್ತಿವೆ, ಹಾಗಾಗಿ ಎರಡನ್ನೂ ಹಾಕಿ. ಸೆಕ್ಯೂರಿಟಿ ಪ್ಲಸ್ ಇಲ್ಲದಿದ್ದರೆ ಈಗಲೇ ಪರೀಕ್ಷೆ ಬರೆಯಿರಿ. ಅಡ್ಮಿನ್ ಕೆಲಸಗಳಲ್ಲಿ ಹೆಚ್ಚಿನವು ಅದನ್ನು ಕೇಳುತ್ತವೆ.

ಫೈಲ್_ನೋಡುವವರು

ನಾನು ಒಂದು ಸಣ್ಣ ಕಂಪನಿಯಲ್ಲಿ ಎಫ್‌ಎಸ್‌ಒ ಕೆಲಸ ನೋಡುತ್ತೇನೆ, ಅಂದರೆ ಕ್ಲಿಯರೆನ್ಸ್ ಕಡತಗಳ ಜವಾಬ್ದಾರಿ. ಸೋಶಿಯಲ್ ಸೆಕ್ಯೂರಿಟಿ ನಂಬರ್ ಪ್ರಶ್ನೆಗೆ ಉತ್ತರಿಸುತ್ತೇನೆ.

ಆ ನಂಬರ್ ಒಂದು ಹಂತದಲ್ಲಿ ಬೇಕಾಗುತ್ತದೆ, ಅದು ನಿಜ. ನಿಮ್ಮ ಕ್ಲಿಯರೆನ್ಸ್ ಈಗ ಯಾವ ಸ್ಥಿತಿಯಲ್ಲಿದೆ ಅಂತ ನಾವು ಡಿಸ್ ಎಂಬ ಸರ್ಕಾರಿ ವ್ಯವಸ್ಥೆಯಲ್ಲಿ ನೋಡುತ್ತೇವೆ. 2021ರಲ್ಲಿ ಹಳೆಯ ಜೆಪಾಸ್ ಹೋಗಿ ಅದು ಬಂತು. ಅಲ್ಲಿ ಹುಡುಕುವುದು ಆ ನಂಬರ್‌ನಿಂದಲೇ. ಆದರೆ ನೋಡುವವರು ಎಫ್‌ಎಸ್‌ಒ, ಫೋನ್ ಮಾಡಿದ ರಿಕ್ರೂಟರ್ ಅಲ್ಲ. ಮೊದಲ ಕರೆಯಲ್ಲೇ ಕೇಳಿದರೆ ಹೀಗೆ ಹೇಳಿ: "ಸಂದರ್ಶನ ಆಗಲಿ, ಆಮೇಲೆ ನಿಮ್ಮ ಎಫ್‌ಎಸ್‌ಒಗೆ ನೇರವಾಗಿ ಕೊಡುತ್ತೇನೆ." ನಿಜವಾದ ಕಂಪನಿಯವರು ಇದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ. ಕೊಡುವಾಗಲೂ ಸಾದಾ ಇಮೇಲ್‌ನಲ್ಲಿ ಬೇಡ. ಕಂಪನಿಯ ವೆಬ್‌ಸೈಟ್‌ನಲ್ಲಿರುವ ಮುಖ್ಯ ನಂಬರ್‌ಗೆ ನೀವೇ ಫೋನ್ ಮಾಡಿ, ಭದ್ರತಾ ವಿಭಾಗಕ್ಕೆ ಕನೆಕ್ಟ್ ಮಾಡಿಸಿಕೊಂಡು ಕೊಡಿ.

ಜಾಬ್ ಬೋರ್ಡ್‌ನ ಪ್ರೊಫೈಲ್‌ನಲ್ಲಿ, ರೆಸ್ಯೂಮೆಯಲ್ಲಿ ಆ ನಂಬರ್, ಜನ್ಮದಿನಾಂಕ, ಪಾಸ್‌ಪೋರ್ಟ್ ವಿವರ ಯಾವುದೂ ಇರಬಾರದು.

ಕ್ಲಿಯರೆನ್ಸ್ ಬಗ್ಗೆ ಒಂದೇ ಸಾಲು ಸಾಕು. ಮಟ್ಟ, ಈಗ ಸಕ್ರಿಯವೋ ಅಲ್ಲವೋ, ತನಿಖೆ ಮುಗಿದ ವರ್ಷ. "ಸೀಕ್ರೆಟ್, ಸಕ್ರಿಯ, ತನಿಖೆ ಇಂಥ ವರ್ಷ." ಅಷ್ಟೇ. ಮಾಡಿದ ಕೆಲಸದ ಬಗ್ಗೆ ಬರೆಯುವಾಗ ನಿಮ್ಮ ಕೈಚಳಕ ಹೇಳಿ, ಯೋಜನೆ ಹೇಳಬೇಡಿ. "200 ಸರ್ವರ್‌ಗಳ ಪ್ಯಾಚಿಂಗ್ ಅನ್ನು ಆನ್ಸಿಬಲ್‌ನಿಂದ ಸ್ವಯಂಚಾಲಿತಗೊಳಿಸಿದೆ" ಅನ್ನುವ ಥರದ ಸಾಲನ್ನು ಕೂಡ, ನಿಮ್ಮ ಕಾಂಟ್ರಾಕ್ಟ್‌ನಲ್ಲಿ ಆ ಸಂಖ್ಯೆ ಸೂಕ್ಷ್ಮವಲ್ಲ ಅಂತ ಖಾತ್ರಿ ಮಾಡಿಕೊಂಡೇ ಹಾಕಿ. ಅನುಮಾನ ಇದ್ದರೆ "ದೊಡ್ಡ ಸಂಖ್ಯೆಯ ಸರ್ವರ್" ಅನ್ನಿ. ಯೋಜನೆಯ ಗುಪ್ತನಾಮ, ಕಟ್ಟಡ, ನೆಟ್‌ವರ್ಕ್ ವಿನ್ಯಾಸ, ಯಾವ ಸಂಸ್ಥೆಗೆ ಯಾವ ಸಾಮರ್ಥ್ಯ ಇದೆ ಅನ್ನುವ ಸುಳಿವು ಬೇಡವೇ ಬೇಡ. ಎಲ್ಲ ಬರೆದಾದ ಮೇಲೆ ಈಗಿನ ಕಂಪನಿಯ ಎಫ್‌ಎಸ್‌ಒಗೆ ಒಮ್ಮೆ ತೋರಿಸಿ. ಕೆಲಸ ಬಿಡುತ್ತಿರುವವರಿಗೂ ಈ ಸಹಾಯ ಮಾಡುವುದು ನಮ್ಮ ಕೆಲಸದ ಭಾಗವೇ.

ಮೇರಿಲ್ಯಾಂಡ್_ಮಾಜಿ

ಇದಕ್ಕೆ ಒಂದು ಸೇರಿಸುತ್ತೇನೆ. ಸಿಐಎ, ಎನ್‌ಎಸ್‌ಎ ಥರದ ಸಂಸ್ಥೆಗಳಲ್ಲಿ ಕೆಲಸ ಮಾಡಿದವರು ರೆಸ್ಯೂಮೆಯನ್ನು ಹೊರಗೆ ಕೊಡುವ ಮುಂಚೆ ಆ ಸಂಸ್ಥೆಯ ಪೂರ್ವ ಪರಿಶೀಲನೆಗೆ ಕೊಡಬೇಕು. ಸಹಿ ಮಾಡಿದ ಒಪ್ಪಂದದಲ್ಲೇ ಅದು ಇರುತ್ತದೆ. ಸಮಯ ಹಿಡಿಯುತ್ತದೆ, ಹಾಗಾಗಿ ಕೆಲಸ ಬಿಡುವ ಬಹಳ ಮೊದಲೇ ಕೊಡಿ. ಒಪ್ಪಿಗೆ ಬಂದ ರೂಪವನ್ನೇ ಎಲ್ಲ ಬೋರ್ಡ್‌ಗೂ ಹಾಕಿ. ಒಂದೊಂದು ಕಡೆ ಒಂದೊಂದು ರೀತಿ ತಿದ್ದುತ್ತಾ ಹೋದರೆ ಪರಿಶೀಲಿಸಿದ್ದಕ್ಕೆ ಅರ್ಥವೇ ಇಲ್ಲ.

ಗ್ರೀನ್‌ಕಾರ್ಡ್_ಗೆಳತಿ

ಮಧ್ಯೆ ಕೇಳುತ್ತಿದ್ದೇನೆ, ಕ್ಷಮಿಸಿ. ನನಗೆ ಗ್ರೀನ್ ಕಾರ್ಡ್ ಇದೆ, ಸಿಟಿಜನ್ ಅಲ್ಲ. ನಾನೇ ಅರ್ಜಿ ಹಾಕಿ ಕ್ಲಿಯರೆನ್ಸ್ ತೆಗೆದುಕೊಳ್ಳಬಹುದಾ? ಒಂದು ತರಬೇತಿ ಸಂಸ್ಥೆಯವರು ಹಣ ಕಟ್ಟಿದರೆ ಮಾಡಿಸಿಕೊಡುತ್ತೇವೆ ಅಂದರು.

ಫೈಲ್_ನೋಡುವವರು

ದಯವಿಟ್ಟು ಹಣ ಕಟ್ಟಬೇಡಿ. ಕ್ಲಿಯರೆನ್ಸ್ ಅನ್ನು ಯಾರೂ ತಮಗೆ ತಾವೇ ಮಾಡಿಸಿಕೊಳ್ಳಲು ಆಗುವುದಿಲ್ಲ. ಸರ್ಕಾರಿ ಸಂಸ್ಥೆಯೋ ಮಾನ್ಯತೆ ಪಡೆದ ಕಂಪನಿಯೋ ನಿಮ್ಮನ್ನು ಸ್ಪಾನ್ಸರ್ ಮಾಡಬೇಕು. ತನಿಖೆಗೆ ಅಭ್ಯರ್ಥಿಯಿಂದ ಒಂದು ಡಾಲರ್ ಕೂಡ ತೆಗೆದುಕೊಳ್ಳುವುದಿಲ್ಲ. ದುಡ್ಡು ಕೇಳಿದವರು ಮೋಸ ಮಾಡುತ್ತಿದ್ದಾರೆ.

1995ರ 12968ನೇ ಅಧ್ಯಕ್ಷೀಯ ಆದೇಶದ ಪ್ರಕಾರ ಕ್ಲಿಯರೆನ್ಸ್ ಸಿಟಿಜನ್‌ಗಳಿಗೆ ಮಾತ್ರ. ಬಹಳ ಅಪರೂಪಕ್ಕೆ ಸೀಮಿತ ಪ್ರವೇಶ ಅಂತ ಕೊಡುತ್ತಾರೆ, ಅದನ್ನು ನಂಬಿಕೊಂಡು ಕೂರಬೇಡಿ. ಆದರೆ ನಿಮಗೆ ಎರಡು ದಾರಿ ಇದೆ. ಜಾಹೀರಾತಿನಲ್ಲಿ "ಯುಎಸ್ ಪರ್ಸನ್" ಅಂತ ಇದ್ದರೆ ಅದರಲ್ಲಿ ಗ್ರೀನ್ ಕಾರ್ಡ್‌ನವರೂ ಬರುತ್ತಾರೆ. ರಫ್ತು ನಿಯಂತ್ರಣ ಕಾನೂನಿನ ಕಾರಣಕ್ಕೆ ಹಾಗೆ ಬರೆಯುತ್ತಾರೆ. "ಪಬ್ಲಿಕ್ ಟ್ರಸ್ಟ್" ಅಂತ ಇದ್ದರೆ ಅದು ಕ್ಲಿಯರೆನ್ಸ್ ಅಲ್ಲ, ಬೇರೆ ಹಿನ್ನೆಲೆ ತಪಾಸಣೆ. ಅದರಲ್ಲಿ ಕೆಲವು ಕಾಂಟ್ರಾಕ್ಟ್‌ಗಳು ಗ್ರೀನ್ ಕಾರ್ಡ್ ಒಪ್ಪುತ್ತವೆ. ಎಚ್-1ಬಿ ಮೇಲಿರುವವರಿಗೆ ಈ ಎರಡೂ ದಾರಿ ಸಾಮಾನ್ಯವಾಗಿ ಇಲ್ಲ.

ಹೆರ್ನ್ಡನ್_ರಿಕ್ರೂಟರ್

ಗೆಳತಿ ಅವರೇ, ಹುಡುಕುವಾಗ "ಸಕ್ರಿಯ ಕ್ಲಿಯರೆನ್ಸ್ ಬೇಕು" ಅನ್ನುವುದನ್ನೂ "ಪಡೆಯುವ ಅರ್ಹತೆ ಇರಬೇಕು" ಅನ್ನುವುದನ್ನೂ ಬೇರೆ ಬೇರೆಯಾಗಿ ನೋಡಿ. ಸಿಟಿಜನ್ ಆದ ಮೇಲೆ ಎರಡನೆಯದೇ ನಿಮ್ಮ ಬಾಗಿಲು. ಅಂಥ ಹುದ್ದೆಗಳು ಮಾಮೂಲಿ ಸೈಟ್‌ಗಳಲ್ಲೂ ಕಂಪನಿಗಳ ಸ್ವಂತ ಪುಟಗಳಲ್ಲೂ ಜಾಸ್ತಿ ಇರುತ್ತವೆ. ಕ್ಲಿಯರೆನ್ಸ್ ಬೋರ್ಡ್‌ಗಳಲ್ಲಿ ಕಡಿಮೆ.

ಚಾಂಟಿಲಿ_ಲಿನಕ್ಸ್

ತುಂಬಾ ಧನ್ಯವಾದ. ಎರಡು ಅನುಮಾನ ಉಳಿದಿವೆ. ನಡುವೆ ಕೆಲಸ ಇಲ್ಲದೆ ಕೂತರೆ ನನ್ನ ಕ್ಲಿಯರೆನ್ಸ್ ಹೋಗಿಬಿಡುತ್ತದಾ? ಮತ್ತೆ ಲಿಂಕ್ಡ್‌ಇನ್‌ನಲ್ಲಿ "ಆಕ್ಟಿವ್ ಸೀಕ್ರೆಟ್" ಅಂತ ಹೆಸರಿನ ಕೆಳಗೇ ಹಾಕಿಬಿಡಲಾ? ನನ್ನ ಸಹೋದ್ಯೋಗಿಗಳಲ್ಲಿ ಅರ್ಧ ಜನ ಹಾಕಿದ್ದಾರೆ.

ಫೈಲ್_ನೋಡುವವರು

ಮೊದಲನೆಯದಕ್ಕೆ: ಕೆಲಸ ಬಿಟ್ಟ ದಿನ ರಹಸ್ಯ ಮಾಹಿತಿಗೆ ನಿಮಗಿರುವ ಪ್ರವೇಶ ನಿಲ್ಲುತ್ತದೆ, ಆದರೆ ಅರ್ಹತೆ ತಕ್ಷಣ ಹೋಗುವುದಿಲ್ಲ. ರೂಢಿಯಲ್ಲಿ ಎರಡು ವರ್ಷದೊಳಗೆ ಇನ್ನೊಂದು ಕಂಪನಿ ನಿಮ್ಮನ್ನು ತೆಗೆದುಕೊಂಡರೆ, ಹೊಸ ತನಿಖೆ ಇಲ್ಲದೆ ಮತ್ತೆ ಶುರು ಮಾಡಬಹುದು. ಅದು ದಾಟಿದರೆ ಮೊದಲಿನಿಂದ. ಹಾಗಾಗಿ ಪ್ರೊಫೈಲ್‌ನಲ್ಲಿ ಕೊನೆಯದಾಗಿ ಬಳಸಿದ ತಿಂಗಳು, ವರ್ಷ ಬರೆಯಿರಿ. ಎರಡು ವರ್ಷದ ಗಡಿ ಹತ್ತಿರ ಬರುತ್ತಿದ್ದರೆ ಸಂಬಳ ಸ್ವಲ್ಪ ಕಡಿಮೆ ಇದ್ದರೂ ಕ್ಲಿಯರೆನ್ಸ್ ಕೆಲಸವನ್ನೇ ಹಿಡಿಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಬೇರೆ ಇಲಾಖೆಯ ಕೆಲಸ ಸಿಕ್ಕರೂ ಇರುವ ಕ್ಲಿಯರೆನ್ಸ್ ಅನ್ನೇ ಒಪ್ಪಿಕೊಳ್ಳಬೇಕು ಅನ್ನುವ ನಿಯಮ ಇದೆ. 2018ರ ಸೀಡ್ 7 ಎಂಬ ಸರ್ಕಾರಿ ಭದ್ರತಾ ನಿರ್ದೇಶನ ಅದಕ್ಕೆ ಐದು ಕೆಲಸದ ದಿನಗಳ ಗಡುವು ಹಾಕಿದೆ.

ಮೇರಿಲ್ಯಾಂಡ್_ಮಾಜಿ

ಲಿಂಕ್ಡ್‌ಇನ್ ಬಗ್ಗೆ ನಾನು ಹೇಳುತ್ತೇನೆ. ಹಾಕಬೇಡಿ. ಅರ್ಧ ಜನ ಹಾಕಿದ್ದಾರೆ ಅನ್ನುವುದೇ ನನಗೆ ಹೆದರಿಕೆ ಹುಟ್ಟಿಸುತ್ತದೆ.

ಡಿಕ್ಸನ್ ಯೋ ಪ್ರಕರಣ ಓದಿ. ಸಿಂಗಾಪುರದ ಪ್ರಜೆ. ಚೀನಾದ ಗುಪ್ತಚರ ಸಂಸ್ಥೆಗೆ ಕೆಲಸ ಮಾಡುತ್ತಿದ್ದವನು. 2018ರಲ್ಲಿ ಒಂದು ನಕಲಿ ಕನ್ಸಲ್ಟಿಂಗ್ ಕಂಪನಿ ಮಾಡಿ ಉದ್ಯೋಗ ಜಾಹೀರಾತು ಹಾಕಿದ. 400ಕ್ಕೂ ಹೆಚ್ಚು ರೆಸ್ಯೂಮೆ ಬಂದವು. ಅದರಲ್ಲಿ ಶೇ 90ರಷ್ಟು ಅಮೆರಿಕದ ಸೇನೆ ಮತ್ತು ಸರ್ಕಾರದಲ್ಲಿ ಕ್ಲಿಯರೆನ್ಸ್ ಇದ್ದವರದ್ದು! ಅವನು ಗೋಡೆ ಹಾರಲಿಲ್ಲ, ಕಂಪ್ಯೂಟರ್ ಹ್ಯಾಕ್ ಮಾಡಲಿಲ್ಲ. ಜನರೇ ಕಳಿಸಿದರು. ವೃತ್ತಿಪರರ ಸಾಮಾಜಿಕ ಜಾಲತಾಣದಲ್ಲೂ ಜನರನ್ನು ಹುಡುಕಿ ಪರಿಚಯ ಮಾಡಿಕೊಂಡ. ಅವನ ಬಲೆಗೆ ಬಿದ್ದವರಲ್ಲಿ ವಿದೇಶಾಂಗ ಇಲಾಖೆಯ ಒಬ್ಬ ನೌಕರನೂ ಇದ್ದ. ಆ ನೌಕರನಿಗೆ ಕೆಲಸದಲ್ಲಿ ಬೇಸರವಿತ್ತು, ಹಣದ ತೊಂದರೆಯೂ ಇತ್ತು. ವರದಿ ಬರೆದುಕೊಟ್ಟರೆ ದುಡ್ಡು ಅಂತ ಶುರುವಾಯಿತು. ಯೋ 2020ರ ಜುಲೈನಲ್ಲಿ ವಾಷಿಂಗ್ಟನ್ ಕೋರ್ಟ್‌ನಲ್ಲಿ ತಪ್ಪೊಪ್ಪಿಕೊಂಡ, ಅದೇ ವರ್ಷ 14 ತಿಂಗಳ ಶಿಕ್ಷೆಯಾಯಿತು.

ಇನ್ನೊಬ್ಬ ಕೆವಿನ್ ಮ್ಯಾಲೊರಿ, ಸಿಐಎಯಲ್ಲಿದ್ದವನು. ಅವನನ್ನೂ 2017ರಲ್ಲಿ ಮೊದಲು ಸಂಪರ್ಕಿಸಿದ್ದು ಲಿಂಕ್ಡ್‌ಇನ್ ಮೂಲಕ, ರಿಕ್ರೂಟರ್ ಹೆಸರಿನಲ್ಲಿ. 2019ರಲ್ಲಿ 20 ವರ್ಷ ಜೈಲು.

ಕೆಲಸ ಹೋಗುವ ಭಯದಲ್ಲಿರುವವರನ್ನೇ ಇವರು ಹುಡುಕುವುದು. 2025ರಲ್ಲಿ ಎಷ್ಟೊಂದು ಫೆಡರಲ್ ನೌಕರರು, ಕಾಂಟ್ರಾಕ್ಟರ್‌ಗಳು ಕೆಲಸ ಕಳೆದುಕೊಂಡರು ಅಂತ ನಮ್ಮ ಸುತ್ತಲೇ ನೋಡಿದೆವು. ಆ ಹೊತ್ತಿನಲ್ಲಿ "ಮನೆಯಿಂದಲೇ ವಾರಕ್ಕೆ ಒಂದು ವಿಶ್ಲೇಷಣೆ ಬರೆಯಿರಿ, ಒಳ್ಳೆ ದುಡ್ಡು" ಅನ್ನುವ ಸಂದೇಶ ಬಂದರೆ ಮನಸ್ಸು ಒಪ್ಪಿಬಿಡುತ್ತದೆ. ಕಂಪನಿಗೆ ವಿಳಾಸ ಇಲ್ಲ, ಕೆಲಸದ ವಿವರ ಮಸುಕು, ಸಂಬಳ ವಿಪರೀತ ಜಾಸ್ತಿ, ನಿಮ್ಮ ಹಳೆಯ ಕೆಲಸದ ಬಗ್ಗೆಯೇ ಪ್ರಶ್ನೆ, ಬೇಗ ಬೇರೆ ಚಾಟ್ ಆ್ಯಪ್‌ಗೆ ಬನ್ನಿ ಅನ್ನುವ ಅವಸರ. ಇವುಗಳಲ್ಲಿ ಒಂದು ಕಂಡರೂ ಉತ್ತರ ಬೇಡ, ಎಫ್‌ಎಸ್‌ಒಗೆ ತಿಳಿಸಿ.

ಹೆರ್ನ್ಡನ್_ರಿಕ್ರೂಟರ್

ಎಚ್ಚರಿಕೆ ಪೂರ್ತಿ ಒಪ್ಪುತ್ತೇನೆ. ಆದರೆ ಲಿಂಕ್ಡ್‌ಇನ್ ಬಿಟ್ಟೇಬಿಡಿ ಅನ್ನುವುದನ್ನು ಒಪ್ಪುವುದಿಲ್ಲ. ಅಲ್ಲಿ ಕೌಶಲ, ಸರ್ಟಿಫಿಕೇಟ್, ಊರು ಇಷ್ಟು ಇರಲಿ. ಕ್ಲಿಯರೆನ್ಸ್ ಇಲ್ಲದೆಯೂ ನಾವು ಅಂದಾಜು ಮಾಡಿ ಸಂಪರ್ಕಿಸುತ್ತೇವೆ. ಮಟ್ಟದ ವಿಷಯ ಕ್ಲಿಯರೆನ್ಸ್ ಬೋರ್ಡ್‌ನ ಒಳಗೆ ಇರಲಿ. ಅಲ್ಲಿಯೂ ಈಗಿನ ಕಂಪನಿಗೆ ಕಾಣದಂತೆ ಮಾಡುವ, ಹೆಸರು ಮುಚ್ಚಿಡುವ ಆಯ್ಕೆ ಇದೆಯಾ ಅಂತ ಸೆಟ್ಟಿಂಗ್ಸ್‌ನಲ್ಲಿ ನೋಡಿ.

ಮೇರಿಲ್ಯಾಂಡ್_ಮಾಜಿ

ಅಷ್ಟಾದರೆ ಸರಿ. ನನ್ನ ತಕರಾರು ಹೆಸರಿನ ಕೆಳಗೆ ಬೋರ್ಡ್ ತಗುಲಿಹಾಕುವುದರ ಬಗ್ಗೆ. ಊರಿನ ಜಾತ್ರೆಯಲ್ಲಿ ಮನೆ ಬೀಗದ ಕೈ ಕುತ್ತಿಗೆಗೆ ಕಟ್ಟಿಕೊಂಡು ಓಡಾಡಿದ ಹಾಗೆ ಅದು.

ಹಂಟ್ಸ್‌ವಿಲ್_ಕನ್ನಡಿಗ

ಅಲಬಾಮಾದಿಂದ. ಬರೀ ಜಾಹೀರಾತು ನೋಡುತ್ತಾ ಕೂರಬೇಡಿ, ಕಾಂಟ್ರಾಕ್ಟ್ ನೋಡಿ. ಯಾವ ಕಂಪನಿ ಯಾವ ಕಾಂಟ್ರಾಕ್ಟ್ ಗೆದ್ದಿದೆ ಅನ್ನುವುದು ಸ್ಯಾಮ್ ಡಾಟ್ ಗವ್, ಯುಎಸ್ಎಸ್ಪೆಂಡಿಂಗ್ ಡಾಟ್ ಗವ್ ಎರಡರಲ್ಲೂ ಸಾರ್ವಜನಿಕವಾಗಿ ಸಿಗುತ್ತದೆ. ಸರ್ಕಾರದ ಹಣಕಾಸು ವರ್ಷ ಸೆಪ್ಟೆಂಬರ್ 30ಕ್ಕೆ ಮುಗಿಯುವುದರಿಂದ ಆ ಸಮಯದಲ್ಲಿ ಕಾಂಟ್ರಾಕ್ಟ್‌ಗಳು ಸಾಲುಸಾಲಾಗಿ ಹೊರಬೀಳುತ್ತವೆ. ಗೆದ್ದ ಕಂಪನಿಯ ಸ್ವಂತ ಉದ್ಯೋಗ ಪುಟಕ್ಕೆ ನೇರವಾಗಿ ಹೋಗಿ ಅರ್ಜಿ ಹಾಕಿ. ಬೋರ್ಡ್‌ನಲ್ಲಿ ನೋಡಿದ ಹುದ್ದೆಯೂ ಅಷ್ಟೇ. ಅಲ್ಲಿ ಕಂಡ ಹುದ್ದೆಯ ಸಂಖ್ಯೆ ಹಿಡಿದು ಕಂಪನಿಯ ಪುಟದಲ್ಲಿ ಹುಡುಕಿ. ಅಲ್ಲಿ ಇಲ್ಲದಿದ್ದರೆ ಅದು ತುಂಬಿಹೋಗಿದೆ ಅಥವಾ ಇನ್ನೂ ಹುಟ್ಟೇ ಇಲ್ಲ.

"ಕಂಟಿಂಜೆಂಟ್ ಅಪಾನ್ ಅವಾರ್ಡ್" ಅಂತ ಜಾಹೀರಾತಿನ ಕೊನೆಯಲ್ಲಿ ಸಣ್ಣದಾಗಿ ಇರುತ್ತದೆ, ಗಮನಿಸಿ. ಕಾಂಟ್ರಾಕ್ಟ್ ಸಿಕ್ಕರೆ ಮಾತ್ರ ಕೆಲಸ ಅಂತ ಅದರರ್ಥ. ಗೆದ್ದ ಮೇಲೂ ಸೋತ ಕಂಪನಿ ಜಿಎಒ (ಸರ್ಕಾರದ ಲೆಕ್ಕಪತ್ರ ಪರಿಶೀಲಿಸುವ ಸಂಸ್ಥೆ) ಬಳಿ ತಕರಾರು ಎತ್ತಿದರೆ ತೀರ್ಪಿಗೆ 100 ದಿನದವರೆಗೆ ಹೋಗಬಹುದು. ಮನೆ ಸಾಲ ಇರುವವರು ಇಂಥದ್ದನ್ನು ಒಂದೇ ಆಧಾರ ಮಾಡಿಕೊಳ್ಳಬಾರದು.

ಇಲ್ಲಿ ಹಂಟ್ಸ್‌ವಿಲ್, ಕೊಲೊರಾಡೊ ಸ್ಪ್ರಿಂಗ್ಸ್, ಸ್ಯಾನ್ ಆಂಟೋನಿಯೊ, ಟ್ಯಾಂಪಾ ಕಡೆಯೂ ಕ್ಲಿಯರೆನ್ಸ್ ಕೆಲಸ ಬೇಕಾದಷ್ಟಿದೆ. ಊರು ಬದಲಿಸಲು ಸಿದ್ಧ ಅಂದರೆ ಪ್ರೊಫೈಲ್‌ನಲ್ಲಿ ಆ ಊರುಗಳ ಹೆಸರನ್ನೇ ಹಾಕಿ. "ಎಲ್ಲಿಗಾದರೂ ಬರುತ್ತೇನೆ" ಅಂದರೆ ದೂರದ ಫಿಲ್ಟರ್‌ನಲ್ಲಿ ಸಿಗುವುದಿಲ್ಲ. ಮನೆಯಿಂದ ಕೆಲಸ ಅಂತ ಮಾತ್ರ ಹುಡುಕಿದರೆ ಹೆಚ್ಚೇನೂ ಸಿಗದು. ರಹಸ್ಯ ಕಡತ ಇರುವ ಕೆಲಸಕ್ಕೆ ಕಚೇರಿಗೆ ಹೋಗಲೇಬೇಕು.

ಲ್ಯಾನ್‌ಹ್ಯಾಮ್_ಅಮ್ಮ

ನನ್ನ ಮಗಳು ಯುಎಸ್ಎಜಾಬ್ಸ್‌ನಲ್ಲಿ ಅರ್ಜಿ ಹಾಕುತ್ತಿದ್ದಾಳೆ. ಅಲ್ಲಿಗೆ ಐದಾರು ಪುಟದ ರೆಸ್ಯೂಮೆ ಬೇಕು ಅಂತ ಮೊದಲು ಎಲ್ಲರೂ ಹೇಳುತ್ತಿದ್ದರು. ಈಗ ಹಾಗಿಲ್ಲವಂತೆ?

ಹೆರ್ನ್ಡನ್_ರಿಕ್ರೂಟರ್

ಹೌದು, 2025ರ ಸೆಪ್ಟೆಂಬರ್ ಕೊನೆಯಿಂದ ಎರಡು ಪುಟದ ಮಿತಿ. ಹಳೆಯ ಉದ್ದದ ರೆಸ್ಯೂಮೆ ಅಲ್ಲಿದ್ದರೆ ಹೊಸದಾಗಿ ಬರೆಯಲಿ. ಪ್ರತಿ ಹುದ್ದೆಯ ಕೆಳಗೆ ತಿಂಗಳು, ವರ್ಷ, ವಾರಕ್ಕೆ ಎಷ್ಟು ಗಂಟೆ ಅನ್ನುವುದನ್ನು ಮಾತ್ರ ಬಿಡದಿರಲಿ.

ಚಾಂಟಿಲಿ_ಲಿನಕ್ಸ್

ಮನಸ್ಸಿನಲ್ಲಿ ಕೊರೆಯುತ್ತಿರುವುದನ್ನು ಕೇಳಿಬಿಡುತ್ತೇನೆ. ನನಗೆ ಓಸಿಐ ಕಾರ್ಡ್ ಇದೆ. ಅಪ್ಪ ಅಮ್ಮ ಮೈಸೂರಿನಲ್ಲಿದ್ದಾರೆ, ಅಲ್ಲಿ ಜಂಟಿ ಹೆಸರಿನಲ್ಲಿ ಒಂದು ಸೈಟ್ ಇದೆ. ಟಾಪ್ ಸೀಕ್ರೆಟ್ ಕೆಲಸಕ್ಕೆ ಅರ್ಜಿ ಹಾಕಿದರೆ ಇದೆಲ್ಲ ತೊಂದರೆಯಾಗುತ್ತದಾ? ಬೋರ್ಡ್‌ನಲ್ಲಿ ಇದನ್ನು ಬರೆಯಬೇಕಾ?

ಫೈಲ್_ನೋಡುವವರು

ಬೋರ್ಡ್‌ನಲ್ಲಿ ಬೇಡ, ರಿಕ್ರೂಟರ್‌ಗೂ ಬೇಡ. ಅದು ಕ್ಲಿಯರೆನ್ಸ್‌ಗೆ ತುಂಬುವ ಎಸ್‌ಎಫ್-86 ಅರ್ಜಿಯಲ್ಲಿ, ಈಗ ಇ-ಆ್ಯಪ್ ಎಂಬ ಆನ್‌ಲೈನ್ ವ್ಯವಸ್ಥೆಯಲ್ಲಿ, ಬರೆಯುವ ವಿಷಯ. ಅಲ್ಲಿ ಮಾತ್ರ ಒಂದನ್ನೂ ಬಿಡಬಾರದು. ತಂದೆ ತಾಯಿ, ಅತ್ತೆ ಮಾವ, ಊರಿನ ಬ್ಯಾಂಕ್ ಖಾತೆ, ಸೈಟ್, ಓಸಿಐ, ಕಳೆದ ಏಳು ವರ್ಷದ ವಿದೇಶ ಪ್ರಯಾಣ ಎಲ್ಲ ಬರಲಿ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ, ಓಸಿಐ ಪೌರತ್ವವೂ ಅಲ್ಲ. ಆದರೂ ಅದನ್ನು ಹೇಳಿಬಿಡುವುದೇ ಒಳ್ಳೆಯದು.

2017ರಿಂದ ಜಾರಿಯಲ್ಲಿರುವ ಸೀಡ್ 4 ನಿರ್ದೇಶನದಲ್ಲಿ ಕ್ಲಿಯರೆನ್ಸ್ ಕೊಡಬೇಕೋ ಬೇಡವೋ ಅಂತ ನಿರ್ಧರಿಸುವ 13 ಮಾನದಂಡಗಳಿವೆ. ವಿದೇಶಿ ಸಂಬಂಧ ಅದರಲ್ಲಿ ಒಂದು. ಅಪ್ಪ ಅಮ್ಮ ಊರಲ್ಲಿದ್ದಾರೆ ಅನ್ನುವ ಕಾರಣಕ್ಕೇ ಬಾಗಿಲು ಮುಚ್ಚುವುದಿಲ್ಲ. ಇಲ್ಲಿ ನಿಮ್ಮ ಮನೆ, ಮಕ್ಕಳು, ಉಳಿತಾಯ, ಬೇರು ಎಷ್ಟು ಗಟ್ಟಿ ಅಂತ ಒಟ್ಟಾರೆ ನೋಡುತ್ತಾರೆ. ಮುಚ್ಚಿಟ್ಟರೆ ಮಾತ್ರ ಅದು ಬೇರೆಯದೇ ಮಾನದಂಡಕ್ಕೆ, ಅಂದರೆ ಪ್ರಾಮಾಣಿಕತೆಯ ಪ್ರಶ್ನೆಗೆ ಬೀಳುತ್ತದೆ. ಅದರಿಂದ ಎದ್ದು ಬರುವುದು ಬಹಳ ಕಷ್ಟ.

ನಿಮಗೆ ಈಗಾಗಲೇ ಸೀಕ್ರೆಟ್ ಇದೆ ಅಂದರೆ ಇದರಲ್ಲಿ ಹೆಚ್ಚಿನದನ್ನು ಹಿಂದೆ ಬರೆದಿರುತ್ತೀರಿ. ಆ ಪ್ರತಿ ತೆಗೆದಿಟ್ಟುಕೊಳ್ಳಿ. ಹೊಸ ಅರ್ಜಿಯಲ್ಲಿ ದಿನಾಂಕಗಳು ಅದಕ್ಕೆ ಹೊಂದಬೇಕು. ಊರಿಗೆ ಹೋಗುವ ಪ್ಲಾನ್ ಇದ್ದರೆ ಹೊರಡುವ ಮೊದಲೇ ಎಫ್‌ಎಸ್‌ಒಗೆ ತಿಳಿಸಿ.

ಚಾಂಟಿಲಿ_ಲಿನಕ್ಸ್

ದೊಡ್ಡ ಭಾರ ಇಳಿಯಿತು. ಕೊನೆಯ ಪ್ರಶ್ನೆ. ಇವತ್ತೇ ಒಂದು ಕಂಪನಿ ಕಂಟಿಂಜೆಂಟ್ ಆಫರ್ ಕಳಿಸಿದೆ, ಜೊತೆಗೆ ಒಂದು ಲೆಟರ್ ಆಫ್ ಇಂಟೆಂಟ್. ಅದಕ್ಕೆ ಸಹಿ ಹಾಕಿದರೆ ಬೇರೆಯವರಿಗೆ ಅರ್ಜಿ ಹಾಕುವ ಹಾಗಿಲ್ಲವಾ?

ಹೆರ್ನ್ಡನ್_ರಿಕ್ರೂಟರ್

ಸಾಮಾನ್ಯವಾಗಿ ಹಾಕಬಹುದು. ತಮ್ಮ ಬಿಡ್‌ನಲ್ಲಿ ನಿಮ್ಮ ರೆಸ್ಯೂಮೆ ತೋರಿಸಲು ಒಪ್ಪಿಗೆ ಅಂತ ಅಷ್ಟೇ ಆ ಪತ್ರ. ಆದರೆ "ಇದೇ ಕಾಂಟ್ರಾಕ್ಟ್‌ಗೆ ಬೇರೆ ಕಂಪನಿಗೆ ಹೆಸರು ಕೊಡುವುದಿಲ್ಲ" ಅನ್ನುವ ಸಾಲು ಕೆಲವರು ಸೇರಿಸಿರುತ್ತಾರೆ. ಅದು ಇದ್ದರೆ ತೆಗೆಸಿ ಅಂತ ಕೇಳಿ, ತೆಗೆಯುತ್ತಾರೆ. ಸಂಬಳ, ಹುದ್ದೆ, ಊರು ಪತ್ರದಲ್ಲಿ ಬರೆದಿರಲಿ. ಬಿಡ್ ಯಾವಾಗ ನಿರ್ಧಾರವಾಗುತ್ತದೆ ಅಂತಲೂ ಕೇಳಿ. ಈಗಿನ ಕಾಂಟ್ರಾಕ್ಟ್ ಗೆದ್ದ ಕಂಪನಿಯ ಜೊತೆಗೂ ಇವತ್ತೇ ಮಾತಾಡಿ. ಅಲ್ಲಿ ಈಗಾಗಲೇ ಕೂತು ಕೆಲಸ ಮಾಡುತ್ತಿರುವವರೇ ಅವರಿಗೆ ಮೊದಲು ಬೇಕಾಗಿರುವುದು.